ಕೋವಿ ಮನೆಯಲ್ಲಿದೆ, ಕೀಲಿ ಯಾರ ಹತ್ತಿರ?

ಹಿರಿಯರಿಗೆ, ಅಕ್ಕತಂಗಿಯರಿಗೆ, ಎಲ್ಲರಿಗೂ ನಮಸ್ಕಾರ.

ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಹತ್ತಿರ ಬರುತ್ತಿದೆ. ಸೆಪ್ಟೆಂಬರ್ 3ಕ್ಕೆ ಕೊಡಗಿನ ಮನೆಗಳಲ್ಲಿ ಕೋವಿ ಹೊರಗೆ ಬರುತ್ತದೆ. ಒರೆಸಿ, ಎಣ್ಣೆ ಹಾಕಿ, ನಳಿಗೆಗೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುತ್ತೇವೆ. ಪೂಜೆ ಮುಗಿದ ಮೇಲೆ ಆ ಕೋವಿ ಎಲ್ಲಿಗೆ ಹೋಗುತ್ತದೆ? ಇವತ್ತು ನಾನು ಮಾತಾಡಬೇಕಾಗಿರುವುದು ಇದರ ಬಗ್ಗೆ.

ಬಾಗಿಲ ಹಿಂದೆ. ಬೀರುವಿನ ಮೇಲೆ. ಮಂಚದ ಕೆಳಗೆ. ಇಲ್ಲವೇ ಹಾಲ್‌ನ ಗೋಡೆಯಲ್ಲಿ, ಅಜ್ಜನ ಫೋಟೋ ಪಕ್ಕದಲ್ಲಿ. ಅದು ಎಲ್ಲಿದೆ ಅಂತ ಮನೆಯವರಿಗೆ ಮಾತ್ರ ಗೊತ್ತು ಅಂದುಕೊಂಡಿರುತ್ತೇವೆ. ಮದುವೆ ಕರೆಯಲು ಬಂದವರು ನೋಡಿರುತ್ತಾರೆ, ಕರೆಂಟ್ ರಿಪೇರಿಗೆ ಬಂದವರು ನೋಡಿರುತ್ತಾರೆ. ನಾನು ಯಾರ ಮೇಲೂ ಬೊಟ್ಟು ಮಾಡುತ್ತಿಲ್ಲ. ಸುಮ್ನೆ ಆಡಿದ ಮಾತು ಊರಿನಿಂದ ಊರಿಗೆ ಹೋಗುತ್ತದೆ, ಅಷ್ಟೇ. ಯಾವ ಮನೆಯಲ್ಲಿ ಜೋಡಿ ನಳಿಗೆ ಇದೆ, ಆ ಮನೆಯವರು ಯಾವತ್ತು ಬೆಂಗಳೂರಿಗೆ ಹೋಗುತ್ತಾರೆ ಅನ್ನುವುದು ಕಳ್ಳನ ಕಿವಿಗೂ ಬೀಳುತ್ತದೆ.

ಕೊಡವರಿಗೆ ಶಸ್ತ್ರ ಕಾನೂನಿನಿಂದ ವಿನಾಯಿತಿ ಸಿಕ್ಕಿದ್ದು 1861ರಲ್ಲಿ. 1959ರ ಶಸ್ತ್ರ ಕಾಯ್ದೆ ಬಂದ ಮೇಲೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, ಅಂದರೆ ತಲೆಮಾರುಗಳಿಂದ ಬಂದ ಜಮ್ಮಾ ಜಮೀನು ಇರುವವರಿಗೆ, ಅದು ಉಳಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಪ್ರಶ್ನೆ ಮಾಡಿ ಹಾಕಿದ ಅರ್ಜಿಯನ್ನು ಹೈಕೋರ್ಟ್ 2021ರಲ್ಲಿ ಒಪ್ಪಲಿಲ್ಲ. ನಮಗೆ ಇದು ಹೆಮ್ಮೆಯ ವಿಷಯ, ನನಗೂ ಹೌದು. ಆದರೆ ವಿನಾಯಿತಿ ಸಿಕ್ಕಿರುವುದು ಲೈಸೆನ್ಸಿನಿಂದ. ಜೋಪಾನ ಮಾಡುವ ಕೆಲಸದಿಂದ ಯಾರೂ ನಮಗೆ ವಿನಾಯಿತಿ ಕೊಟ್ಟಿಲ್ಲ.

ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದವರೂ ಇಲ್ಲಿದ್ದೀರಿ. 2016ರ ಶಸ್ತ್ರ ನಿಯಮಗಳಲ್ಲಿ ಎಸ್-2 ಅಂತ ಒಂದು ನಮೂನೆ ಇದೆ. ಕೋವಿಯನ್ನು ಭದ್ರವಾಗಿ ಇಡುತ್ತೇನೆ ಅಂತ ಬರೆದುಕೊಡುವ ಮುಚ್ಚಳಿಕೆ ಅದು. ಬೇರೆ ಕಾಗದಗಳ ಜೊತೆ ಸಹಿ ಹಾಕಿ ಕೊಟ್ಟು ಮರೆತುಬಿಡುತ್ತೇವೆ, ಅಲ್ವಾ?

ಕೋವಿ ಕಳುವಾದರೆ ಹೋಗುವುದು ಬರೀ ದುಡ್ಡಲ್ಲ. ಬೇಟೆಗೆ ಹೋಗುವವನಿಗೆ ತನ್ನ ಹೆಸರಿಲ್ಲದ ಕೋವಿ ಬೇಕು. ಯಾರನ್ನಾದರೂ ಮುಗಿಸಬೇಕು ಅನ್ನುವವನಿಗೂ ಅದೇ ಬೇಕು. 1992ರಲ್ಲಿ ವೀರಪ್ಪನ್ ಗುಂಪು ರಾಮಾಪುರ ಪೊಲೀಸ್ ಠಾಣೆಗೆ ನುಗ್ಗಿ, ಪೊಲೀಸರನ್ನು ಕೊಂದು, ಅಲ್ಲಿದ್ದ ಬಂದೂಕುಗಳನ್ನು ಹೊತ್ತುಕೊಂಡು ಹೋಯಿತು. ಬಂದೂಕಿಗಾಗಿ ಠಾಣೆಗೇ ನುಗ್ಗುವವರಿದ್ದಾರೆ. ತೋಟದ ನಡುವಿನ ಒಂಟಿ ಮನೆಯ ಬಾಗಿಲು ಅಂಥವರಿಗೆ ಎಷ್ಟು ಹೊತ್ತಿನ ಕೆಲಸ?

ನಿಮ್ಮ ಕಷ್ಟ ನನಗೆ ಗೊತ್ತು. ರಾತ್ರಿ ಹಂದಿ ಗದ್ದೆಗೆ ಇಳಿದಾಗ, ಆನೆ ಅಂಗಳಕ್ಕೆ ಬಂದಾಗ ಕೀಲಿ ಹುಡುಕುತ್ತಾ ಕೂರಲು ಆಗುವುದಿಲ್ಲ. ಸಾವಾದ ಮನೆಯಲ್ಲಿ ಎರಡು ಈಡು ಹಾರಿಸಬೇಕು, ಅದಕ್ಕೂ ಕೋವಿ ಕೂಡಲೇ ಬೇಕು. ಹಾಗಂತ ತೋಟಾ ತುಂಬಿದ ಕೋವಿಯನ್ನು ಬಾಗಿಲ ಹಿಂದೆ ನಿಲ್ಲಿಸುವುದು ಸರಿಯಲ್ಲ. ಅದು ಕಳ್ಳನಿಗೂ ಸುಲಭ, ಮನೆಯ ಮಕ್ಕಳಿಗೂ ಸುಲಭ, ಕುಡಿದು ಜಗಳಕ್ಕೆ ನಿಂತವನಿಗೂ ಸುಲಭ. ಉಕ್ಕಿನ ಪೆಟ್ಟಿಗೆಯನ್ನು ಮಲಗುವ ಕೋಣೆಯ ಗೋಡೆಗೆ ಒಳಗಿನಿಂದ ಬೋಲ್ಟ್ ಹಾಕಿ ಬಿಗಿದರೆ, ಕೀಲಿ ನಿಮ್ಮ ಮೈಮೇಲೆ ಇದ್ದರೆ, ಕೋವಿ ತೆಗೆಯಲು ಹೆಚ್ಚು ಹೊತ್ತು ಬೇಕಿಲ್ಲ. ಗೋಡೆಗೆ ಬಿಗಿಯದ ಪೆಟ್ಟಿಗೆಯಿಂದ ಏನೂ ಪ್ರಯೋಜನವಿಲ್ಲ. ಕಳ್ಳರು ಪೆಟ್ಟಿಗೆ ಸಮೇತ ಜೀಪಿಗೆ ಹಾಕಿಕೊಂಡು ಹೋಗುತ್ತಾರೆ.

ತೋಟಾಗಳು ಬೇರೆ ಕಡೆ, ಬೇರೆ ಬೀಗದಲ್ಲಿ ಇರಲಿ. ಜೋಡಿ ನಳಿಗೆ ಕೋವಿಯನ್ನು ಸುಲಭವಾಗಿ ಬಿಚ್ಚಬಹುದು. ಜಾಸ್ತಿ ದಿನ ಬಳಸದಿದ್ದರೆ ನಳಿಗೆಯನ್ನು ಒಂದು ಕಡೆ, ಹಿಡಿಯ ಭಾಗವನ್ನು ಇನ್ನೊಂದು ಕಡೆ ಇಡಿ. ಒಂದು ತುಂಡು ಕದ್ದವನಿಗೆ ಅದರಿಂದ ಗುಂಡು ಹೊಡೆಯಲು ಆಗುವುದಿಲ್ಲ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ತುಕ್ಕು ಹಿಡಿಯುತ್ತದೆ ಅನ್ನುವ ಮಾತು ಸುಳ್ಳಲ್ಲ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಗಾಗ ತೆಗೆದು ಎಣ್ಣೆ ಬಟ್ಟೆಯಿಂದ ಒರೆಸಿ.

ತಿಂಗಳುಗಟ್ಟಲೆ ಮಕ್ಕಳ ಮನೆಗೆ ಹೋಗುವವರು ಕೋವಿಯನ್ನು ಖಾಲಿ ಮನೆಯಲ್ಲಿ ಬಿಡಬೇಡಿ. ಪರವಾನಗಿ ಇರುವ ಬಂದೂಕು ಅಂಗಡಿಯಲ್ಲಿ ಶುಲ್ಕ ಕಟ್ಟಿ ಇಡಬಹುದು. ರಸೀದಿ ಕೇಳಿ ಪಡೆಯಿರಿ.

ಇದೆಲ್ಲ ಹೊಸ ಕಾಲದ ರಗಳೆ ಅಂತ ಕೆಲವು ಹಿರಿಯರಿಗೆ ಅನ್ನಿಸಬಹುದು. ಆದರೆ ಹಿಂದೆ ಉಳುಮೆ ನಾಟಿಯ ತಿಂಗಳುಗಳಲ್ಲಿ ಆಯುಧಗಳನ್ನು ಕನ್ನಿಕೊಂಬರೆಯಲ್ಲಿ, ಅಂದರೆ ಮನೆಯ ದೇವರ ಕೋಣೆಯಲ್ಲಿ, ಇಟ್ಟುಬಿಡುತ್ತಿದ್ದರು. ಹೊರಗೆ ತೆಗೆಯುತ್ತಿದ್ದದ್ದು ಕೈಲ್ ಪೊಳ್ದ್ ದಿನ. ಬಳಸದ ಕಾಲದಲ್ಲಿ ಎತ್ತಿಡುವ ಶಿಸ್ತು ನಮ್ಮಲ್ಲೇ ಇತ್ತು.

ಇನ್ನೊಂದು ವಿಷಯವನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಕೋವಿ ಕಾಣೆಯಾದರೆ ನಾವು ಮೊದಲು ಮಾಡುವುದೇನು? ಅಟ್ಟ ಹುಡುಕುತ್ತೇವೆ. ತಮ್ಮ ತೆಗೆದುಕೊಂಡು ಹೋದನೇನೋ ಅಂತ ಫೋನ್ ಮಾಡುತ್ತೇವೆ. ಠಾಣೆಗೆ ಹೋದರೆ ನಮ್ಮನ್ನೇ ಅನುಮಾನಿಸುತ್ತಾರೆ, ಊರವರು ನಗುತ್ತಾರೆ ಅಂತ ಹೆದರಿ ದಿನ ತಳ್ಳುತ್ತೇವೆ. ಆ ದಿನಗಳಲ್ಲಿ ಕೋವಿ ಜಿಲ್ಲೆಯ ಗಡಿ ದಾಟುತ್ತದೆ. ಅದರ ಮೇಲಿನ ನಂಬರನ್ನು ಉಜ್ಜಿ ಅಳಿಸುತ್ತಾರೆ. ಕೋವಿಯಾಗಲಿ ತೋಟಾ ಆಗಲಿ ಕಳುವಾದರೆ ತಡಮಾಡದೆ ಹತ್ತಿರದ ಠಾಣೆಗೆ ತಿಳಿಸಬೇಕು ಅಂತ ಲೈಸೆನ್ಸಿನ ಷರತ್ತಿನಲ್ಲೇ ಇದೆ. ಷರತ್ತು ಮುರಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಆ ಶಿಕ್ಷೆಗಿಂತ ನನಗೆ ಜಾಸ್ತಿ ಭಯ ಬೇರೆಯದು. ನಾವು ಬಾಯಿ ಮುಚ್ಚಿಕೊಂಡಿದ್ದ ಆ ವಾರದಲ್ಲಿ ಯಾರೋ ಒಬ್ಬರ ಎದೆಗೆ ನಮ್ಮ ಕೋವಿಯ ಚರೆ ಬಿದ್ದಿರಬಹುದು. ವಿನಾಯಿತಿ ಪತ್ರ ಇರುವವರು ಇದು ನಮಗೆ ಸಂಬಂಧವಿಲ್ಲ ಅನ್ನಬೇಡಿ. ಕೋವಿ ಹೋದ ದಿನವೇ ಠಾಣೆಗೆ ಹೋಗಿ, ಲಿಖಿತ ದೂರು ಕೊಟ್ಟು, ಅದರ ಪ್ರತಿ ತೆಗೆದುಕೊಂಡು ಬನ್ನಿ.

ದೂರು ಬರೆಯಲು ಕೋವಿಯ ನಂಬರ್ ಬೇಕು. ಎಷ್ಟು ಜನಕ್ಕೆ ನಿಮ್ಮ ಕೋವಿಯ ನಂಬರ್ ಗೊತ್ತು, ಕೈ ಎತ್ತಿ ನೋಡೋಣ. ಹಬ್ಬಕ್ಕೆ ಕೋವಿ ಒರೆಸುವಾಗ ನಂಬರ್ ಕಾಣುವಂತೆ ಒಂದು ಫೋಟೋ ತೆಗೆಯಿರಿ. ಒಂದು ಪ್ರತಿ ಮನೆಯಾಕೆಯ ಫೋನಿನಲ್ಲಿ ಇರಲಿ, ಇನ್ನೊಂದನ್ನು ಹೊರಗಡೆ ಇರುವ ಮಗನಿಗೋ ಮಗಳಿಗೋ ಕಳಿಸಿ.

ಗೋಡೆಗೆ ಬಿಗಿಯುವ ಒಂದು ಪೆಟ್ಟಿಗೆಯನ್ನು ಹೊರಗೆ ವರಾಂಡದಲ್ಲಿ ಇಟ್ಟಿದ್ದೇವೆ. ಕಾಫಿ ಕುಡಿಯುತ್ತಾ ತೆರೆದು ನೋಡಿ. ನಿಮ್ಮ ಮನೆಯ ಗೋಡೆ ಮಣ್ಣಿನದೋ ಕಲ್ಲಿನದೋ ಹೇಳಿ, ಅದಕ್ಕೆ ಹೇಗೆ ಬಿಗಿಯಬೇಕು ಅಂತ ಅಲ್ಲೇ ಕೂತು ಮಾತಾಡೋಣ.