ಹೆನ್ರಿ ಸ್ಟ್ರೀಟಿನ ಕಲ್ಲು ಚರ್ಚು

ಈ ಗಡಗಡ ಸದ್ದು ನ್ಯೂಯಾರ್ಕಿನ ಮ್ಯಾನ್‌ಹಟನ್ ಸೇತುವೆ ಮೇಲೆ ಹೋಗ್ತಿರೋ ರೈಲಿಂದು. ಸೇತುವೆ ತೆರೆದದ್ದು 1909ರಲ್ಲಿ. ಅದರ ಹತ್ತಿರ, ಮಾರ್ಕೆಟ್ ಸ್ಟ್ರೀಟ್ ಮೂಲೆಯಲ್ಲಿ ನಿಂತಿರೋ ಈ ಕಲ್ಲು ಚರ್ಚು ಅದಕ್ಕಿಂತ 90 ವರ್ಷ ಹಿರಿಯದು.

1819ರಲ್ಲಿ ಇದನ್ನ ಕಟ್ಟಿಸಿಕೊಂಡವರು ಡಚ್ ರಿಫಾರ್ಮ್ಡ್ ಅನ್ನೋ ಪ್ರಾಟೆಸ್ಟಂಟ್ ಪಂಗಡದವರು. ಜಾಗ ಕೊಟ್ಟಿದ್ದು ಕರ್ನಲ್ ಹೆನ್ರಿ ರಟ್ಗರ್ಸ್. ಈ ಹೆನ್ರಿ ಸ್ಟ್ರೀಟಿಗೆ ಅವರದೇ ಹೆಸರು. ನ್ಯೂಜೆರ್ಸಿಯಲ್ಲಿ ನಮ್ಮ ಮಕ್ಕಳೂ ಓದೋ ರಟ್ಗರ್ಸ್ ವಿಶ್ವವಿದ್ಯಾಲಯಕ್ಕೂ ಅವರದೇ. ಊರು ಉತ್ತರಕ್ಕೆ ಬೆಳೀತು, ಉಳ್ಳವರು ಆ ಕಡೆ ಹೋದರು, ಸಭೆ, ಅಂದ್ರೆ ಚರ್ಚಿಗೆ ಸೇರಿದ ಭಕ್ತರ ಬಳಗ, ಕರಗಿತು. 1866ರಲ್ಲಿ ಹ್ಯಾನ್ಸನ್ ಕಾರ್ನಿಂಗ್ ಅನ್ನೋರು ಕಟ್ಟಡ ಕೊಂಡು ನಾವಿಕರಿಗೆ ಅಂತ ಮೀಸಲಿಟ್ಟರು. ಹೊಸ ಹೆಸರು 'ಚರ್ಚ್ ಆಫ್ ದ ಸೀ ಅಂಡ್ ಲ್ಯಾಂಡ್', ಕಡಲಿಗೂ ನೆಲಕ್ಕೂ ಸೇರಿದ ಚರ್ಚು. ಎಷ್ಟು ಚೆನ್ನಾಗಿದೆ ಅಲ್ವಾ! ಇಲ್ಲಿಂದ ಸ್ವಲ್ಪ ಕೆಳಗೆ ನಡೆದರೆ ಈಸ್ಟ್ ರಿವರ್, ಆಗ ಅಲ್ಲೆಲ್ಲ ಹಡಗುಕಟ್ಟೆ.

ಇದೇ ಊರಿನ ಇನ್ನೊಂದು ಕಡೆ ಬೇರೆ ಒಂದು ಸಭೆ ಹುಟ್ಟುತ್ತಿತ್ತು. ಚೀನಾದ ಗುವಾಂಗ್‌ಡಾಂಗ್‌ನ ಹಳ್ಳಿಯಿಂದ 1868ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದ ಹುಯೀ ಕಿನ್, 1885ರಲ್ಲಿ ನ್ಯೂಯಾರ್ಕಿನ ಚೀನೀಯರ ನಡುವೆ ಕ್ರೈಸ್ತ ಧರ್ಮಪ್ರಚಾರದ ಕೆಲಸ ಶುರು ಮಾಡಿದರು. ಅದಕ್ಕೆ ಮೂರೇ ವರ್ಷ ಮುಂಚೆ, ಚೀನೀ ಕೂಲಿಗಳು ಬರಲೇಬಾರದು ಅಂತ ಅಮೆರಿಕ ಕಾನೂನು ಮಾಡಿತ್ತು. ಅದು ರದ್ದಾಗಿದ್ದು 1943ಕ್ಕೆ! ಬಟ್ಟೆ ಒಗೆದು, ಇಸ್ತ್ರಿ ಹಾಕಿ ಬದುಕುತ್ತಿದ್ದ ಎಷ್ಟೋ ಗಂಡಸರಿಗೆ ಹೆಂಡತಿ ಮಕ್ಕಳನ್ನ ಕರೆಸಿಕೊಳ್ಳೋಕೇ ಆಗಲಿಲ್ಲ. ಅಂಥವರ ನಡುವೆ 1910ರಲ್ಲಿ ಫಸ್ಟ್ ಚೈನೀಸ್ ಪ್ರೆಸ್ಬಿಟೇರಿಯನ್ ಚರ್ಚ್ ಸ್ಥಾಪನೆಯಾಯ್ತು; ಪ್ರೆಸ್ಬಿಟೇರಿಯನ್ ಅನ್ನೋದೂ ಒಂದು ಪ್ರಾಟೆಸ್ಟಂಟ್ ಪಂಗಡ.

1951ರಲ್ಲಿ ಆ ಸಭೆ ನಾವಿಕರ ಚರ್ಚಿಗೆ ಬಂತು, ಅತಿಥಿಯಾಗಿ. ಒಂದೇ ಸೂರು, ಎರಡು ಸಭೆ. ಮುಂದೆ ಕಂಟೇನರ್ ಹಡಗುಗಳು ನ್ಯೂಜೆರ್ಸಿ ಬಂದರಿಗೆ ಹೋದವು, ಈ ದಂಡೆ ಖಾಲಿಯಾಯ್ತು. ನಾವಿಕರ ಸಭೆ 1972ರಲ್ಲಿ ಮುಚ್ಚಿತು. 1974ರಲ್ಲಿ ಕಟ್ಟಡ ಚೀನೀ ಸಭೆಯದಾಯ್ತು.

ಎರಡೂ ಸಭೆ ಒಂದೇ ಸೂರಿನಡಿ ಕಳೆದ ಆ 21 ವರ್ಷ ನನ್ನ ತಲೆಯಿಂದ ಹೋಗ್ತಾನೇ ಇಲ್ಲ. ನಾವು ಯುಗಾದಿಗೆ ಬಾಡಿಗೆ ಹಿಡಿಯೋದೂ ಒಂದು ಚರ್ಚಿನ ಹಾಲೇ. ತೋರಣ ಕಟ್ತೀವಿ, ಹೋಳಿಗೆ ಬಡಿಸ್ತೀವಿ, ರಾತ್ರಿ ಎಲ್ಲ ಬಿಚ್ಚಿ, ಗುಡಿಸಿ, ಬೀಗದ ಕೈ ವಾಪಸ್ ಕೊಟ್ಟು ಬರ್ತೀವಿ. ಇವರೂ ಹಾಗೇ, ವಾರವಾರವೂ, ಇನ್ನೊಬ್ಬರ ಬೆಂಚಿನ ಮೇಲೆ ಕೂತು ತಮ್ಮ ಭಾಷೆಯಲ್ಲಿ ಹಾಡಿದರು.

ಈಗ ಇಲ್ಲಿ ಕ್ಯಾಂಟನೀಸ್, ಮ್ಯಾಂಡರಿನ್, ಇಂಗ್ಲಿಷ್ ಮೂರರಲ್ಲೂ ಆರಾಧನೆ ನಡೆಯುತ್ತೆ. ಬನ್ನಿ, ಆ ಚೂಪು ಕಮಾನಿನ ಕಿಟಕಿಗಳನ್ನ ಹತ್ತಿರದಿಂದ ತೋರಿಸ್ತೀನಿ.