ನೋಡುವ ಕಣ್ಣು ನಮಗೂ ಇದೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಹೊತ್ತು ನಿಂತು ನೋಡಿ. ಗೂಡಿನಿಂದ ನೂಲು ತೆಗೆಯುವ ರೀಲರ್ ಒಬ್ಬರು ರಾಶಿಯಿಂದ ಒಂದು ಹಿಡಿ ಗೂಡು ಎತ್ತುತ್ತಾರೆ. ಬೆರಳಲ್ಲಿ ಒತ್ತುತ್ತಾರೆ. ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಅಷ್ಟರಲ್ಲೇ ಈ ರಾಶಿಗೆ ಎಷ್ಟು ಬೆಲೆ ಹಾಕಬಹುದು ಎಂದು ಅವರಿಗೆ ಗೊತ್ತಾಗಿರುತ್ತದೆ. ಇಷ್ಟು ಸೂಕ್ಷ್ಮವಾಗಿ ನೋಡುವ ಜನ ನಾವು. ಆದರೆ ಬೆಂಗಳೂರಲ್ಲಿ ಒಂದು ಚಿತ್ರಪ್ರದರ್ಶನಕ್ಕೆ ಹೋಗೋಣ ಬನ್ನಿ ಎಂದರೆ, "ಅಯ್ಯೋ, ಅದೆಲ್ಲ ನಮಗೆಲ್ಲಿ ಅರ್ಥ ಆಗುತ್ತೆ ಅಕ್ಕಾ" ಎನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಚಿಕ್ಕಬಳ್ಳಾಪುರದಿಂದ ಬೆಂಗಳೂರು ಎಷ್ಟು ದೂರ? ಹೆಚ್ಚೆಂದರೆ ಅರವತ್ತು ಕಿಲೋಮೀಟರ್. ಆಸ್ಪತ್ರೆಗೆ ಹೋಗುತ್ತೇವೆ, ಮದುವೆ ಜವಳಿಗೆ ಹೋಗುತ್ತೇವೆ, ಕೋರ್ಟಿಗೆ ಹೋಗುತ್ತೇವೆ. ಕೆಲಸ ಮುಗಿದ ತಕ್ಷಣ ಬಸ್ ಹತ್ತಿ ವಾಪಸ್. ಆ ದಿನದಲ್ಲಿ ಎರಡು ಗಂಟೆ ಬಿಡುವು ಮಾಡಿಕೊಂಡರೆ ಸಾಕು. ಮೆಜೆಸ್ಟಿಕ್‌ನಿಂದ ಶಿವಾನಂದ ಸರ್ಕಲ್ ಕಡೆ ಹೋದರೆ ಕುಮಾರಕೃಪಾ ರಸ್ತೆ ಸಿಗುತ್ತದೆ. ಗಾಂಧಿ ಭವನ ಇರುವುದೂ ಇದೇ ರಸ್ತೆಯಲ್ಲಿ. ಅಲ್ಲೇ ಕರ್ನಾಟಕ ಚಿತ್ರಕಲಾ ಪರಿಷತ್ತು ಇದೆ. 1960ರಲ್ಲಿ ಶುರುವಾದ ಸಂಸ್ಥೆ. ಎಂ.ಎಸ್. ನಂಜುಂಡರಾವ್ ಅವರು ಕಟ್ಟಿ ಬೆಳೆಸಿದ್ದು. ಕಲಾವಿದರು ತಮ್ಮ ಚಿತ್ರ ತೂಗುಹಾಕುವ ಗ್ಯಾಲರಿಗಳಿಗೆ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ. ಯಾರೂ ನಿಮ್ಮನ್ನು ಎಲ್ಲಿಂದ ಬಂದಿರಿ, ಏನು ಓದಿದ್ದೀರಿ ಎಂದು ಕೇಳುವುದಿಲ್ಲ. ಬಾಗಿಲಲ್ಲಿ ಒಂದು ಪುಸ್ತಕ ಇಟ್ಟಿರುತ್ತಾರೆ. ಮನಸ್ಸಿದ್ದರೆ ಹೆಸರು, ಊರು ಬರೆಯಬಹುದು. ನಾನಂತೂ ಊರಿನ ಹೆಸರು ದೊಡ್ಡದಾಗಿ ಬರೆಯುತ್ತೇನೆ.

ಅಲ್ಲಿನ ಸಂಗ್ರಹಾಲಯದಲ್ಲಿ ಮೈಸೂರು ಶೈಲಿಯ ಹಳೆಯ ಚಿತ್ರಗಳಿವೆ. ಒಂದು ಚಿತ್ರದ ಮುಂದೆ ನಿಲ್ಲಿ. ಮೊದಲು ದೂರದಿಂದ ನೋಡಿ. ದೇವರ ಕಿರೀಟ, ಸರ, ಸೀರೆಯ ಅಂಚು, ಎಲ್ಲ ಬಂಗಾರ. ಆಮೇಲೆ ಹತ್ತಿರ ಹೋಗಿ, ಸ್ವಲ್ಪ ಪಕ್ಕಕ್ಕೆ ಸರಿದು ಓರೆಯಿಂದ ನೋಡಿ. ಆ ಬಂಗಾರ ಕಾಗದದ ಮಟ್ಟದಲ್ಲಿಲ್ಲ, ಒಂಚೂರು ಮೇಲೆದ್ದಿದೆ. ಬಿಳಿ ಪುಡಿಗೆ ಅಂಟು ಕಲಸಿ, ಕುಂಚದಿಂದ ಸಣ್ಣಗೆ ಉಬ್ಬಿಸಿ, ಅದರ ಮೇಲೆ ಬಂಗಾರದ ರೇಕು ಕೂರಿಸಿದ್ದಾರೆ. ತಂಜಾವೂರು ಚಿತ್ರದಲ್ಲಿ ಈ ಉಬ್ಬು ದಪ್ಪ. ಮೈಸೂರಿನದ್ದು ತೆಳು, ನಾಜೂಕು. ನೇರ ನಿಂತರೆ ಕಾಣಿಸದೇ ಹೋಗಬಹುದು. ಇದನ್ನು ಗುರುತಿಸಲು ಯಾವ ಪದವಿಯೂ ಬೇಡ. ನೂಲಿನ ಲಡಿಯಲ್ಲಿ ಒಂದು ಎಳೆ ದಪ್ಪ ಬಂದರೆ ಹಿಡಿಯುವ ಕಣ್ಣಿಗೆ ಇದು ಥಟ್ಟನೆ ಸಿಗುತ್ತದೆ.

ತೊಗಲುಬೊಂಬೆಗಳನ್ನೂ ಬಿಡಬೇಡಿ. ಆಟ ನಡೆಯುವಾಗ ಪರದೆಯಾಚೆಗಿನ ಬಣ್ಣ ಮಾತ್ರ ಕಾಣುತ್ತದೆ. ಇಲ್ಲಿ ತೊಗಲೇ ಕಣ್ಣೆದುರು ಇರುತ್ತದೆ. ಒಡವೆ ಇರುವ ಕಡೆಯೆಲ್ಲ ಪುಟ್ಟ ಪುಟ್ಟ ತೂತು ಹೊಡೆದಿದ್ದಾರೆ. ದೀಪದ ಬೆಳಕು ಆ ತೂತುಗಳಲ್ಲಿ ಹಾದು ಬಂದಾಗ ಅದೇ ಮುತ್ತಾಗಿ ಕಾಣುತ್ತದೆ.

ಹೊಸ ಕಾಲದ ಚಿತ್ರಗಳ ಮುಂದೆ ಜಾಸ್ತಿ ಜನ ತಡವರಿಸುತ್ತಾರೆ. ಬರೀ ಗೆರೆ, ಬರೀ ಬಣ್ಣ, ಏನಿದು ಅಂತ. ನನ್ನ ಸಲಹೆ ಇಷ್ಟೇ. ಪಕ್ಕದಲ್ಲಿ ಅಂಟಿಸಿದ ಚೀಟಿಯನ್ನು ಮೊದಲೇ ಓದಬೇಡಿ. ಇಡೀ ಕೋಣೆ ಒಮ್ಮೆ ಸುತ್ತಿ, ನಿಮ್ಮನ್ನು ಹಿಡಿದು ನಿಲ್ಲಿಸಿದ ಒಂದೇ ಚಿತ್ರಕ್ಕೆ ವಾಪಸ್ ಬನ್ನಿ. ಅದರ ಮುಂದೆ ಐದು ನಿಮಿಷ ಸುಮ್ನೆ ನಿಲ್ಲಿ. ಎಷ್ಟೋ ಸಲ ಚಿತ್ರ ಬರೆದವರು ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಮಾತಾಡಿಸಿ. ಇದಕ್ಕೆ ಎಷ್ಟು ದಿನ ಹಿಡಿಯಿತು, ಈ ಬಣ್ಣ ಮೊದಲು ಹಚ್ಚಿದಿರಾ, ಕೊನೆಗೆ ಹಚ್ಚಿದಿರಾ ಎಂದು ಕೇಳಿ. ಕೈಕೆಲಸದವರು ಕೈಕೆಲಸದವರನ್ನು ಕೇಳುವ ಪ್ರಶ್ನೆ ಇದು. ಅವರು ಖುಷಿಯಿಂದ ಹೇಳುತ್ತಾರೆ. ಚಿತ್ರದ ಪಕ್ಕ ಪುಟ್ಟ ಕೆಂಪು ಚುಕ್ಕೆ ಅಂಟಿಸಿದ್ದರೆ ಅದು ಮಾರಾಟ ಆಗಿದೆ ಎಂದು ತಿಳಿಯಿರಿ.

ಮೊದಲ ಸಲ ಹೋಗುವವರು ಚಿತ್ರಸಂತೆಗೆ ಹೋಗಿ. ಸಾಮಾನ್ಯವಾಗಿ ಜನವರಿ ತಿಂಗಳ ಮೊದಲ ಭಾನುವಾರ ನಡೆಯುತ್ತದೆ. ಆ ದಿನ ಕುಮಾರಕೃಪಾ ರಸ್ತೆಯಲ್ಲಿ ವಾಹನ ಇಲ್ಲ, ಎರಡೂ ಬದಿಗೆ ಚಿತ್ರಗಳು. ಬೇರೆ ಬೇರೆ ರಾಜ್ಯದ ಕಲಾವಿದರು ಬರುತ್ತಾರೆ. ನೂರು ರೂಪಾಯಿಯ ಚಿತ್ರವೂ ಇರುತ್ತದೆ, ಲಕ್ಷದ್ದೂ ಇರುತ್ತದೆ. 2025ರ ಸಂತೆಯನ್ನು ಹೆಣ್ಣು ಮಗುವಿಗೆ ಅರ್ಪಿಸಿದ್ದರು. ಮಕ್ಕಳನ್ನು ಕರೆದುಕೊಂಡು ಹೋಗಿ, ಆದರೆ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನದ ಮೇಲೆ ಕಾಲಿಡಲು ಜಾಗ ಇರುವುದಿಲ್ಲ.

ಇನ್ನು ಫ್ಯಾಷನ್ ಶೋ. ಇದರ ಹೆಸರೆತ್ತಿದರೆ ನಮ್ಮಲ್ಲಿ ಕೆಲವರು ಮುಖ ತಿರುಗಿಸುತ್ತಾರೆ. ದೊಡ್ಡವರ ಆಡಂಬರ ಎನ್ನುತ್ತಾರೆ. ಅದು ಮೂಲದಲ್ಲಿ ವ್ಯಾಪಾರದ ಪದ್ಧತಿ. 19ನೇ ಶತಮಾನದಲ್ಲಿ ಪ್ಯಾರಿಸ್‌ನಲ್ಲಿ ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ದರ್ಜಿ, ಉಡುಪನ್ನು ಜೀವಂತ ಹೆಣ್ಣುಮಕ್ಕಳಿಗೆ ತೊಡಿಸಿ ಗಿರಾಕಿಗಳಿಗೆ ತೋರಿಸುತ್ತಿದ್ದರು. ನಡೆಯುವಾಗ ಬಟ್ಟೆ ಹೇಗೆ ಬೀಳುತ್ತದೆ ಎಂದು ಗೊತ್ತಾಗಲಿ ಅಂತ. ಈಗಲೂ ಅದೇ ಕೆಲಸ.

ನನ್ನ ತಂಗಿಯ ಮಗಳು ಬೆಂಗಳೂರಲ್ಲಿ ಫ್ಯಾಷನ್ ಡಿಸೈನ್ ಓದುತ್ತಾಳೆ. ಅವಳ ಕಾಲೇಜಿನ ಶೋಗೆ ಪಾಸ್ ಕೊಟ್ಟಿದ್ದಳು. ರೇಷ್ಮೆ ಊರಿನವರು ಅದನ್ನು ಯಾಕೆ ನೋಡಬೇಕು ಎಂದು ನನಗೆ ಅಲ್ಲಿ ಗೊತ್ತಾಯಿತು. ನೂಲು ತೆಗೆಯುವ ಬಿಸಿನೀರಿನ ತೊಟ್ಟಿ, ಅಂದರೆ ನಮ್ಮ ಬೇಸಿನ್ ಮುಂದೆ ನಾವು ನೋಡುವುದು ಹಸಿ ನೂಲು. ಅದರ ಮೇಲೆ ಹುಳುವಿನ ಅಂಟು ಇರುತ್ತದೆ, ತೂಕದಲ್ಲಿ ಸುಮಾರು ಕಾಲು ಭಾಗ ಆ ಅಂಟೇ. ಮುಟ್ಟಿದರೆ ಒರಟು, ಬಣ್ಣ ಮಂಕು. ಸೋಪಿನ ನೀರಲ್ಲಿ ಕುದಿಸಿ ಅಂಟು ತೆಗೆದ ಮೇಲೆ ಎಳೆ ಮೆತ್ತಗಾಗುತ್ತದೆ. ಆ ಎಳೆ ದುಂಡಗಿಲ್ಲ, ಹೆಚ್ಚುಕಡಿಮೆ ಮೂರು ಮೂಲೆಯದು. ಅದರ ಪಕ್ಕಗಳಿಗೆ ಬೆಳಕು ಬಿದ್ದು ತಿರುಗುವುದರಿಂದಲೇ ರೇಷ್ಮೆಗೆ ಆ ಹೊಳಪು. ಇದನ್ನೆಲ್ಲ ನಾನು ಕೇಳಿದ್ದೆ. ಕಂಡದ್ದು ರ‍್ಯಾಂಪ್ ಮೇಲೆ. ಒಂದು ಹುಡುಗಿ ಸಾಸಿವೆ ಬಣ್ಣದ ಉದ್ದ ಉಡುಪಿನಲ್ಲಿ ಬಂದು, ತುದಿಯಲ್ಲಿ ಒಂದು ಕ್ಷಣ ನಿಂತು, ತಿರುಗಿದಳು. ತಿರುಗಿದಾಗ ಮಡಿಕೆಯೊಳಗಿನ ಬಣ್ಣ ಕಂದು, ಮೇಲಿನದು ಹಳದಿ. ನಮ್ಮ ಮನೆಯ ಹೆಂಗಸರು ಬಿಸಿನೀರಲ್ಲಿ ಕೈ ಬೇಯಿಸಿಕೊಂಡು ಎಳೆ ಹುಡುಕುವುದು ನೆನಪಾಗಿ ಗಂಟಲು ಕಟ್ಟಿತು.

ಒಂದೊಂದು ಉಡುಪೂ ಒಂದು ನಿಮಿಷ ಸಹ ಎದುರಿಗಿರುವುದಿಲ್ಲ. ಅದಕ್ಕೇ ಹೇಳುತ್ತೇನೆ, ಮುಖ ನೋಡುತ್ತಾ ಕೂರಬೇಡಿ. ಭುಜದ ಹೊಲಿಗೆ ನೋಡಿ, ಅಂಚು ನೋಡಿ, ತಿರುಗುವಾಗ ಬಟ್ಟೆ ಜೊತೆಗೇ ಬರುತ್ತದಾ, ತಡವಾಗಿ ಬರುತ್ತದಾ ನೋಡಿ. ಕೊನೆಗೆ ಎಲ್ಲರೂ ಸಾಲಾಗಿ ಬರುತ್ತಾರೆ, ಹಿಂದೆ ಡಿಸೈನರ್ ಬಂದು ಕೈಮುಗಿಯುತ್ತಾರೆ. ನಾನು ನೋಡಿದ ಶೋನಲ್ಲಿ ಆ ಹೊತ್ತಿಗೆ ಡಿಸೈನರ್ ಹೆಸರು ಹೇಳಿದರು, ಮೇಕಪ್ ಮಾಡಿದವರ ಹೆಸರು ಹೇಳಿದರು. ನೇಯ್ದವರದ್ದು, ನೂಲು ತೆಗೆದ ಊರಿನದ್ದು ಹೇಳಲಿಲ್ಲ. ಹೇಳಬೇಕು ಅಲ್ವಾ? ಒಂದು ಸಾಲು ಸಾಕಿತ್ತು.

ಶೋ ಮುಗಿದ ಮೇಲೆ ಆ ಸಾಸಿವೆ ಬಣ್ಣದ ಉಡುಪು ಹೊಲಿದ ಹುಡುಗಿಯನ್ನು ಹುಡುಕಿ, ಈ ರೇಷ್ಮೆ ಎಲ್ಲಿಯದಮ್ಮ ಎಂದು ಕೇಳಿದೆ. "ಚಿಕ್ಕಪೇಟೆಯಲ್ಲಿ ತಂದೆ ಆಂಟಿ" ಎಂದಳು. ಅದಕ್ಕಿಂತ ಹಿಂದಿನದು ಅವಳಿಗೆ ಗೊತ್ತಿರಲಿಲ್ಲ. ಒಮ್ಮೆ ನಮ್ಮೂರಿಗೆ ಬಾ ಎಂದೆ. ಬಂದೇ ಬಂದಳು, ಗೆಳತಿಯರನ್ನೂ ಕರೆತಂದಳು. ಉಳಿದಿದ್ದ ಬಟ್ಟೆಯ ತುಂಡನ್ನು ನಮ್ಮ ಬೇಸಿನ್ ಕೆಲಸದ ಅಕ್ಕನ ಕೈಗೆ ಕೊಟ್ಟಳು. ಅವರು ಅದನ್ನು ಬಾಗಿಲ ಹತ್ತಿರ ಒಯ್ದು ಎರಡೂ ಕಡೆ ತಿರುಗಿಸಿ, "ಇಲ್ಲಿ ಹೊಕ್ಕಿನ ನೂಲು ದಪ್ಪ ಬಂದಿದೆ ನೋಡು" ಎಂದರು. ಹುಡುಗಿ ಪುಸ್ತಕ ತೆಗೆದು ಬರೆದುಕೊಂಡಳು. ಆಮೇಲೆ ಆ ಅಕ್ಕ ಮುಂದಿನ ಶೋ ಯಾವಾಗ ಎಂದು ಕೇಳಿದರು. ಈ ಸಲ ಎರಡು ಪಾಸ್ ಬೇಕು ಎಂದು ತಂಗಿಯ ಮಗಳಿಗೆ ಆಗಲೇ ಹೇಳಿಟ್ಟಿದ್ದೇನೆ.

ನಮಸ್ಕಾರ.