ಏರ್ ಫಿಲ್ಟರ್ ಮೇಲೊಂದು ಕೆಂಪು ಚುಕ್ಕೆ

ಭಾನುವಾರ, ಬೆಳಗ್ಗೆ ಆರೂವರೆ. ಮೈಸೂರಿನ ಕುವೆಂಪುನಗರ. ಅಮ್ಮ ರಂಗೋಲಿ ಹಾಕಿ ಒಳಗೆ ಹೋಗುವವರೆಗೂ ಕಾದು, ಆಮೇಲೆ ಪೋರ್ಟಿಕೋದಲ್ಲಿ ಹಳೇ ಪೇಪರ್ ಹಾಸಿದೆ. ಇವತ್ತು ಬೈಕ್ ಸರ್ವಿಸ್ ನಾನೇ ಮಾಡುತ್ತಾ, ಫೋನ್‌ನಲ್ಲಿ ವಿಡಿಯೋ ಮಾಡಿ ನಿಮಗೆ ತೋರಿಸುತ್ತೇನೆ. ಟೈಲ್ಸ್ ಮೇಲೆ ಒಂದು ತೊಟ್ಟು ಆಯಿಲ್ ಬಿದ್ದರೂ ಇವತ್ತು ತಿಂಡಿ ಇಲ್ಲ ಅಂತ ರಾತ್ರಿಯೇ ಹೇಳಿದ್ದಾರೆ. ಸುಮ್ನೆ ಹೇಳಿದ್ದಲ್ಲ, ಹಿಂದೊಮ್ಮೆ ಬಿದ್ದಿದೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಇದು ನನ್ನ ಬೈಕ್. 2020ರಲ್ಲಿ ತಗೊಂಡಿದ್ದು. 150 ಸಿಸಿ, ಬಿಎಸ್6 ಅನ್ನೋ ಹೊಗೆ ನಿಯಮಕ್ಕೆ ಸರಿಹೊಂದುವುದು, ಫ್ಯೂಯಲ್ ಇಂಜೆಕ್ಷನ್, ಮುಂದಿನ ಚಕ್ರಕ್ಕೆ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ. ಟ್ಯಾಂಕ್ ಮೇಲಿನ ಹೆಸರಿಗೆ ಟೇಪ್ ಅಂಟಿಸಿದ್ದೇನೆ. ಯಾವ ಕಂಪನಿ ಅಂತ ಹುಡುಕಬೇಡಿ, ಇವತ್ತಿನ ಮಾತಿಗೆ ಅದು ಬೇಕಾಗಿಲ್ಲ.

ಐದು ವರ್ಷ ವಾರಂಟಿ ಇತ್ತು. ಅಷ್ಟು ವರ್ಷವೂ ಶೋರೂಮ್‌ನಲ್ಲೇ ಸರ್ವಿಸ್ ಮಾಡಿಸಿದೆ. ಬೇರೆ ದಾರಿ ಇರಲಿಲ್ಲ ಅನ್ನಿ. ಇಷ್ಟು ಕಿಲೋಮೀಟರ್ ಅಥವಾ ಇಷ್ಟು ದಿನ, ಯಾವುದು ಮೊದಲೋ ಅದಕ್ಕೆ ಸರಿಯಾಗಿ ಗಾಡಿ ತಂದು ನಿಲ್ಲಿಸಬೇಕು ಅಂತ ಪುಸ್ತಕದಲ್ಲಿ ಬರೆದಿದ್ದರು. ತಪ್ಪಿದರೆ ವಾರಂಟಿ ಇಲ್ಲ. ಮೊದಲ ಸಲ ‘ಫ್ರೀ ಸರ್ವಿಸ್’ ಅಂತ ಖುಷಿಯಲ್ಲಿ ಹೋಗಿ, ಬಿಲ್ ನೋಡಿ ಪೆಚ್ಚಾಗಿದ್ದೆ. ಫ್ರೀ ಇರೋದು ಕೂಲಿ ಮಾತ್ರ. ಆಯಿಲ್, ಫಿಲ್ಟರ್‌ಗೆಲ್ಲ ನಮ್ಮ ಜೇಬೇ.

ನಾಲ್ಕನೇ ವರ್ಷ ಒಂದು ಘಟನೆ ನಡೆಯಿತು. ಪ್ರತಿ ಸರ್ವಿಸ್‌ಗೂ ಬಿಲ್‌ನಲ್ಲಿ ಏರ್ ಫಿಲ್ಟರ್ ಇದ್ದೇ ಇರುತ್ತಿತ್ತು. ನಿಜವಾಗಲೂ ಹಾಕುತ್ತಾರಾ ಅನ್ನೋ ಅನುಮಾನ ಬಂತು. ಹಿಂದಿನ ರಾತ್ರಿ ಸೈಡ್ ಪ್ಯಾನೆಲ್ ಬಿಚ್ಚಿ, ನಾಲ್ಕು ಸ್ಕ್ರೂ ತೆಗೆದು, ಫಿಲ್ಟರ್‌ನ ಅಂಚಿನಲ್ಲಿ ತಂಗಿಯ ನೇಲ್ ಪಾಲಿಶ್‌ನಿಂದ ಒಂದು ಕೆಂಪು ಚುಕ್ಕೆ ಇಟ್ಟೆ. ಕಡಲೆಕಾಳಿನಷ್ಟು. ಬೆಳಗ್ಗೆ ಗಾಡಿ ಬಿಟ್ಟೆ. ಮಧ್ಯಾಹ್ನ ಫೋನ್ ಬಂತು. ‘ಸಾರ್, ಏರ್ ಫಿಲ್ಟರ್ ಪೂರ್ತಿ ಹೋಗಿದೆ, ಚೇಂಜ್ ಮಾಡಲೇಬೇಕು.’ ಮಾಡಿ ಅಂದೆ. ಸಂಜೆ ಗಾಡಿ ಫಳಫಳ ಹೊಳೆಯುತ್ತಿತ್ತು. ವಾಟರ್ ವಾಶ್ ಮಾತ್ರ ಯಾವತ್ತೂ ತಪ್ಪಿಸಲ್ಲ. ಮನೆಗೆ ಬಂದು ಪ್ಯಾನೆಲ್ ಬಿಚ್ಚಿದರೆ, ಚುಕ್ಕೆ ಇದ್ದಲ್ಲೇ ಇತ್ತು.

ಮರುದಿನ ಫೋಟೋ ತೋರಿಸಿದೆ. ‘ಮಿಸ್ ಆಗಿದೆ ಸಾರ್’ ಅಂದು ಎರಡೇ ನಿಮಿಷದಲ್ಲಿ ಹೊಸದು ಹಾಕಿಕೊಟ್ಟರು. ಬೇಕಂತಲೇ ಮಾಡಿದರಾ, ಮರೆತರಾ? ಗಲಾಟೆ ಮಾಡೋಣ ಅಂತಲೇ ಹೋಗಿದ್ದೆ. ಆದರೆ ಒಳಗೆ ಕೆಲಸ ಮಾಡುವ ಹುಡುಗನ ಎದುರು ಜಾಬ್ ಕಾರ್ಡ್‌ಗಳ ಕಟ್ಟು ನೋಡಿದಾಗ ಬಾಯಿ ಬರಲಿಲ್ಲ. ಸಂಜೆಯೊಳಗೆ ಅಷ್ಟೂ ಗಾಡಿ ಮುಗಿಯಬೇಕು. ನನ್ನ ಬೈಕಿಗೆ ಅವನು ಕೊಡಬಹುದಾದ ಸಮಯ ಎಷ್ಟು ಅಂತ ಅವತ್ತು ಗೊತ್ತಾಯಿತು. ವಾರಂಟಿ ಮುಗಿದ ತಿಂಗಳೇ ಸ್ಪ್ಯಾನರ್ ಸೆಟ್ ತಂದೆ.

ಈಗ ಎಂಜಿನ್ ಎರಡು ಮೂರು ನಿಮಿಷ ಓಡಿಸಿ ನಿಲ್ಲಿಸಿದ್ದೇನೆ. ಬಿಸಿಯಾದರೆ ಆಯಿಲ್ ತೆಳ್ಳಗಾಗಿ ತಳದ ಕೊಳೆಯನ್ನೂ ಎಳೆದುಕೊಂಡು ಬರುತ್ತದೆ. ಜಾಸ್ತಿ ಬಿಸಿ ಬೇಡ, ಕೈ ಸುಡುತ್ತದೆ. ಕೆಳಗೆ ಹಳೇ ಟಬ್. ಡ್ರೈನ್ ಬೋಲ್ಟ್ ಬಿಚ್ಚಿದೆ. ನೋಡಿ ಬಣ್ಣ! ಕಾಫಿ ಡಿಕಾಕ್ಷನ್ ತರ ಇದೆ ಅಲ್ವಾ? ಹಾಕಿದಾಗ ಜೇನುತುಪ್ಪದ ಹಾಗಿತ್ತು.

ಹೊಸ ಆಯಿಲ್ ತರುವಾಗ ಡಬ್ಬದ ಹಿಂದೆ ಒಂದು ಗುರುತು ನೋಡಬೇಕು. ಎಲ್ಲರೂ ಆಯಿಲ್ ಎಷ್ಟು ತೆಳು, ಎಷ್ಟು ಗಟ್ಟಿ ಅಂತ ಹೇಳುವ 10ಡಬ್ಲ್ಯೂ-30 ನೋಡಿ ಸುಮ್ಮನಾಗುತ್ತಾರೆ. ಅದರ ಜೊತೆ ಜಾಸೋ ಎಂಎ ಅಥವಾ ಎಂಎ2 ಅಂತ ಇರಬೇಕು, ಅದು ಬೈಕ್ ಆಯಿಲ್‌ನ ಜಪಾನೀ ಗುಣಮಟ್ಟದ ಗುರುತು. ಇಂಥ ಬೈಕ್‌ಗಳಲ್ಲಿ ಕ್ಲಚ್ ಪ್ಲೇಟ್‌ಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಕಾರಿನ ಆಯಿಲ್‌ಗಳಲ್ಲಿ ಉಜ್ಜಾಟ ಕಡಿಮೆ ಮಾಡುವ ಸಾಮಾನು ಸೇರಿಸಿರುತ್ತಾರೆ. ಅದನ್ನು ಇಲ್ಲಿ ಸುರಿದರೆ ಕ್ಲಚ್ ಜಾರುತ್ತದೆ. ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗಲ್ಲ.

ಡಿಪ್‌ಸ್ಟಿಕ್‌ನಲ್ಲಿ, ಅಂದರೆ ಆಯಿಲ್ ಅಳೆಯುವ ಕಡ್ಡಿಯಲ್ಲಿ, ಮಟ್ಟ ನೋಡುವಾಗಲೂ ಒಂದು ಚಿಕ್ಕ ವಿಷಯ ಇದೆ. ನನ್ನ ಗಾಡಿಯಲ್ಲಿ ಅದನ್ನು ತಿರುಗಿಸಿ ಬಿಗಿ ಮಾಡಬಾರದು, ಸುಮ್ಮನೆ ಇಳಿಬಿಟ್ಟು ತೆಗೆದು ನೋಡಬೇಕು. ಬಿಗಿ ಮಾಡಿ ನೋಡಿದರೆ ಕಡ್ಡಿ ಇನ್ನಷ್ಟು ಒಳಗೆ ಹೋಗಿ, ಇಲ್ಲದ ಆಯಿಲ್ ಇದ್ದಂತೆ ತೋರಿಸುತ್ತದೆ. ನಿಮ್ಮ ಗಾಡಿಯದ್ದು ಬೇರೆ ಇರಬಹುದು, ಪುಸ್ತಕ ನೋಡಿಕೊಳ್ಳಿ.

ಇನ್ನು ಆ ಕಥೆ. ಮೊದಲ ಸಲ ಮನೆಯಲ್ಲಿ ಆಯಿಲ್ ಬದಲಾಯಿಸಿದಾಗ ಡ್ರೈನ್ ಬೋಲ್ಟ್ ಎಲ್ಲಿ ಬಿಚ್ಚಿಹೋಗುತ್ತದೋ ಅಂತ ಭಯ. ಸ್ಪ್ಯಾನರ್‌ಗೆ ಒಂದು ಪೈಪ್ ಸಿಕ್ಕಿಸಿ ತಿರುಗಿಸಿದೆ. ಬಿಗಿಯಾಯಿತು, ಇನ್ನೂ ಬಿಗಿಯಾಯಿತು, ಆಮೇಲೆ ಇದ್ದಕ್ಕಿದ್ದಂತೆ ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಸಡಿಲವಾಯಿತು. ಕೈಗೆ ಗೊತ್ತಾಗುತ್ತದೆ ನೋಡಿ, ಆ ಕ್ಷಣ ಹೊಟ್ಟೆಯಲ್ಲಿ ಏನೋ ತಣ್ಣಗಾಗುತ್ತದೆ. ಬೋಲ್ಟ್ ಉಕ್ಕು, ಎಂಜಿನ್ ಕೇಸ್ ಅಲ್ಯೂಮಿನಿಯಂ. ಯಾವುದು ಸೋಲುತ್ತದೆ ಹೇಳಬೇಕಾಗಿಲ್ಲ. ಬೆಳಗ್ಗೆ ಎದ್ದರೆ ಟೈಲ್ಸ್ ಮೇಲೆ ದೋಸೆಯಗಲ ಆಯಿಲ್.

ನಮ್ಮ ರಸ್ತೆ ಕೊನೆಯ ಗ್ಯಾರೇಜಿನ ಅಣ್ಣ ನೋಡಿ ಬೈಯಲಿಲ್ಲ, ನಕ್ಕರು. ‘ಶಕ್ತಿ ಇದೆ ಅಂತ ತೋರಿಸೋಕೆ ಇದೇ ಬೋಲ್ಟ್ ಸಿಕ್ತಾ?’ ಅಂದರು. ತೂತನ್ನು ಕೊರೆದು, ಒಳಗೆ ಸ್ಪ್ರಿಂಗ್‌ನಂಥ ಹೊಸ ಥ್ರೆಡ್ ಕೂರಿಸಿಕೊಟ್ಟರು. ಉಳಿಸಿದ ದುಡ್ಡು ಅಲ್ಲಿಗೆ ಸರಿಹೋಯಿತು. ಶೋರೂಮ್ ಹುಡುಗ ಫಿಲ್ಟರ್ ಹಾಕಲಿಲ್ಲ, ನಾನು ಎಂಜಿನ್ನೇ ಹಾಳು ಮಾಡಿದೆ. ಅವತ್ತಿನಿಂದ ಅವನ ಮೇಲಿನ ಸಿಟ್ಟು ಅರ್ಧ ಇಳಿಯಿತು.

ಈಗ ಕೈಯಲ್ಲಿರೋದು ಟಾರ್ಕ್ ರೆಂಚ್. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಹೊಂದಿಸಿದರೆ ‘ಟಕ್’ ಅನ್ನುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ವಾಷರ್ ಪ್ರತಿ ಸಲವೂ ಹೊಸದು, ಹತ್ತು ರೂಪಾಯಿಗೆ ಜಿಪುಣತನ ಬೇಡ.

ಲೆಕ್ಕ ಕೇಳುತ್ತೀರಿ ಅಂತ ಗೊತ್ತು. ಕೊನೆಯ ಶೋರೂಮ್ ಬಿಲ್ ₹2,340. ಕೂಲಿ, ಅದರ ಮೇಲೆ 18% ಜಿಎಸ್‌ಟಿ, ಜೊತೆಗೆ ನಾನು ಕೇಳದ ಪಾಲಿಶ್. ಇವತ್ತು ಆಯಿಲ್, ಫಿಲ್ಟರ್, ವಾಷರ್ ಸೇರಿ ₹600ರ ಒಳಗೆ. ಆದರೆ ಟೂಲ್ಸ್‌ಗೆ ನಾಲ್ಕೂವರೆ ಸಾವಿರ ಹೋಗಿದೆ, ಥ್ರೆಡ್ ರಿಪೇರಿ ಬೇರೆ. ದುಡ್ಡು ಉಳಿಸೋದಕ್ಕೆ ಅಂತಲೇ ಶುರು ಮಾಡುವವರು ಮೊದಲ ವರ್ಷ ಏನೂ ಉಳಿಸಲ್ಲ. ನನಗೆ ಸಿಕ್ಕಿದ್ದು ಬೇರೆ. ಫಿಲ್ಟರ್ ಬದಲಾಯಿತಾ ಅಂತ ಈಗ ಯಾರನ್ನೂ ಕೇಳಬೇಕಾಗಿಲ್ಲ.

ಹಾಗಂತ ಎಲ್ಲವನ್ನೂ ನಾನೇ ಮಾಡಲ್ಲ. ಬ್ರೇಕ್ ಮುಟ್ಟಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರಿನ ಪಸೆಯನ್ನು ಎಳೆದುಕೊಳ್ಳುತ್ತದೆ. ಡಾಟ್ 4 ಅನ್ನೋ ಬಗೆಯದ್ದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೂ ಕುದಿಯಬಾರದು ಅನ್ನೋದು ನಿಯಮ. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಚಾಮುಂಡಿ ಬೆಟ್ಟದಿಂದ ಇಳಿಯುವಾಗ ಬ್ರೇಕ್ ಹಿಡಿದೇ ಇರುತ್ತೀರಿ. ಅದು ಕಾದು, ಒಳಗೆ ಗುಳ್ಳೆ ಬಂದರೆ ಲಿವರ್ ಸ್ಪಂಜಿನಂತೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲಲ್ಲ. ಅದನ್ನು ಬದಲಾಯಿಸಿ, ಗಾಳಿ ತೆಗೆದು, ಎಬಿಎಸ್ ಸರಿ ಇದೆಯಾ ನೋಡುವುದು ಕಲಿತವರ ಕೆಲಸ. ಎರಡು ವರ್ಷಕ್ಕೊಮ್ಮೆ ಅದಕ್ಕೆ ಅದೇ ಶೋರೂಮ್‌ಗೆ ಹೋಗುತ್ತೇನೆ. ಎಂಜಿನ್ ಲೈಟ್ ಉರಿದರೂ ಅಲ್ಲಿಗೇ. ತೊಂದರೆ ಏನು ಅಂತ ಓದಿ ಹೇಳುವ ಸ್ಕ್ಯಾನರ್ ಅವರ ಹತ್ತಿರ ಇದೆ, ನನ್ನ ಹತ್ತಿರ ಇಲ್ಲ.

ಅಪ್ಪನ ಕಾಲದಲ್ಲಿ ಸ್ಕ್ಯಾನರ್ ಎಲ್ಲಿತ್ತು? ಅವರ ಹತ್ತಿರ ಇದ್ದದ್ದು ಯೆಜ್ಡಿ. ಇದೇ ಊರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗಿದ್ದು. 1961ರಿಂದ 1996ರವರೆಗೆ ಅಲ್ಲಿ ಬೈಕ್ ತಯಾರಾದವು. ಕಿಕ್ ಹೊಡೆದ ಲಿವರ್ರನ್ನೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್. ಮಳೆಯಲ್ಲಿ ಗಾಡಿ ನಿಂತರೆ ಪ್ಲಗ್ ಬಿಚ್ಚಿ, ಒರೆಸಿ, ಪ್ಲಗ್‌ಗೆ ಕಿಡಿ ಬರುವಂತೆ ಮಾಡುವ ಪಾಯಿಂಟ್ ಉಜ್ಜಿ ಹೊರಡುವುದು. ಊರಲ್ಲಿ ಕಾರ್ಖಾನೆಯಲ್ಲಿ ದುಡಿದವರು ಅಲ್ಲಲ್ಲಿ ಇದ್ದರು. ಕೇಳಿದರೆ ಹೇಳಿಕೊಡುತ್ತಿದ್ದರು ಅಂತ ಅಪ್ಪ ಈಗಲೂ ನೆನೆಸಿಕೊಳ್ಳುತ್ತಾರೆ.

ಹಳೇ ಆಯಿಲ್ ಕ್ಯಾನ್‌ಗೆ ತುಂಬಿಸುತ್ತಿದ್ದೇನೆ. ಇದು ಗ್ಯಾರೇಜಿನ ಅಣ್ಣನಿಗೆ. ಅವರ ಡ್ರಮ್ಮಿನಿಂದ ಸಂಗ್ರಹ ಮಾಡುವವರು ಒಯ್ಯುತ್ತಾರೆ. ಚರಂಡಿಗೆ ಮಾತ್ರ ಸುರಿಯಬೇಡಿ.

ಕೊನೆಯ ಕೆಲಸ ಚೈನ್. ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲೆ, ಎಂಜಿನ್ ಆಫ್, ಗೇರ್ ನ್ಯೂಟ್ರಲ್. ಕೆಲವರು ಎಂಜಿನ್ ಓಡಿಸುತ್ತಲೇ ಚೈನ್ ಒರೆಸುತ್ತಾರೆ. ಬಟ್ಟೆ ಸಿಕ್ಕಿಕೊಂಡರೆ ಬೆರಳೂ ಹೋಗುತ್ತದೆ, ಬೇಡ. ಸೀಮೆಎಣ್ಣೆಯಲ್ಲಿ ಬ್ರಶ್ ಅದ್ದಿ ಉಜ್ಜಿ, ಒಣಗಿಸಿ, ಲೂಬ್ ಹಾಕಿದೆ. ಕೆಳಗಿನ ಭಾಗದ ಮಧ್ಯೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿದರೆ 25ರಿಂದ 30 ಮಿಲಿಮೀಟರ್ ಆಡಬೇಕು. ಸ್ಕೇಲ್ ಹಿಡಿದು ನೋಡಿದೆ, 28. ಆಕ್ಸಲ್ ನಟ್ ಬಿಗಿ ಮಾಡಿದೆ. ಮುಗಿಯಿತು.

ಅಪ್ಪ ಕಾಫಿ ಲೋಟ ಹಿಡಿದು ಆಚೆ ಬಂದಿದ್ದಾರೆ. ಅಷ್ಟು ಹೊತ್ತು ಏನೂ ಮಾತಾಡಲಿಲ್ಲ. ಈಗ ಬಗ್ಗಿ, ಹಿಂದಿನ ಚಕ್ರವನ್ನು ನಿಧಾನಕ್ಕೆ ಕಾಲು ಸುತ್ತು ತಿರುಗಿಸಿ ಚೈನ್ ಒತ್ತಿದರು. ಇನ್ನೂ ಕಾಲು ಸುತ್ತು. ಮತ್ತೆ ಒತ್ತಿದರು.

‘ಇಲ್ಲಿ ಟೈಟ್ ಇದೆ ನೋಡೋ. ಒಂದೇ ಕಡೆ ಅಳೆದರೆ ಆಗುತ್ತಾ? ಎಲ್ಲಿ ಜಾಸ್ತಿ ಬಿಗಿಯಿದೆಯೋ ಅಲ್ಲಿ ಅಳೀಬೇಕು.’

ಸ್ಕೇಲ್ ಇಟ್ಟೆ. 17.

ಆಕ್ಸಲ್ ನಟ್ ಮತ್ತೆ ಬಿಚ್ಚಬೇಕು. ಅಪ್ಪ ಕಾಫಿ ಲೋಟ ಸೀಟಿನ ಮೇಲಿಟ್ಟು, ‘ಆ ಫೋನ್ ಪಕ್ಕಕ್ಕಿಡು, ಟಾರ್ಚ್ ಹಿಡಿ’ ಅಂದರು.